ಫಕ್ಕೀರವ್ವನ ಕುರ್ಚಿಯ ಹಿಂದೆ ನಿಂತು

ಧಾರವಾಡ,
ಫೆಬ್ರವರಿ ಮೂವತ್ತು, 2169

ಸನ್ಮಾನ್ಯ ಅನಸೂಯಾ ಹಂಚಿನಮನಿ ಅವರಿಗೆ,

ತಾರೀಖು ನೋಡಿ ಇದು ಯಾರದೋ ಕುಚೇಷ್ಟೆ ಎಂದು ಎಸೆದುಬಿಡಬೇಡಿ. ಮೂವತ್ತೊಂದು ದಿನ ಇಟ್ಟುಕೊಂಡು ಮೆರೆಯುತ್ತಿದ್ದ ಎರಡು ತಿಂಗಳುಗಳಿಂದ ಒಂದೊಂದು ದಿನ ತೆಗೆದು ಫೆಬ್ರವರಿಗೆ ಕೊಟ್ಟು ನಮ್ಮಲ್ಲಿ ನಲವತ್ತು ವರ್ಷವಾಯಿತು. ನಿಮಗೂ ನನಗೂ ನಡುವೆ ಇರುವುದು ನೂರ ನಲವತ್ತು ವರ್ಷ. ಇಷ್ಟು ದೂರದಿಂದ ಬರೆಯುವಾಗ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಾನು ಶಾಲೆಯಲ್ಲಿ ಕಲಿತದ್ದು ಕಡಿಮೆ. ಉಳಿದದ್ದೆಲ್ಲ ಕಿರುಹೊತ್ತಿಗೆಗಳಿಂದ ಕಲಿತೆ, ಅವುಗಳ ಭಾಷೆಯೇ ನನ್ನ ಭಾಷೆಯಾಗಿಬಿಟ್ಟಿದೆ.

ಈ ಕಾಗದ ಬರುವ ದಾರಿಯನ್ನು ನಾವು ಮರುಟಪಾಲು ಎನ್ನುತ್ತೇವೆ. ಕಳೆದ ಕಾಲಕ್ಕೆ ಹೋಗುವ ಟಪಾಲು ಅದು. ಇಪ್ಪತ್ತು ತುಂಬಿದವರಿಗೆ ಜೀವಮಾನದಲ್ಲಿ ಒಂದೇ ಕಾಗದ, ಒಂದೇ ವಿಳಾಸ. ಮುಟ್ಟಿತೋ ಇಲ್ಲವೋ ಎಂದು ತಿಳಿಯುವ ಉಪಾಯವಿಲ್ಲ. ಬಹಳ ಜನ ತಮ್ಮ ಮುತ್ತಜ್ಜನಿಗೆ ಬರೆದು, ನಮ್ಮ ಮನೆತನಕ್ಕೆ ಹುಳುಕು ಹಲ್ಲಿನ ಕಾಟವಿದೆ, ಈಗಿನಿಂದಲೇ ಹಲ್ಲು ನೋಡಿಕೊಳ್ಳಿ ಎಂದು ಎಚ್ಚರಿಸಿ ಕಾಗದವನ್ನು ಮುಗಿಸುತ್ತಾರೆ. ನನ್ನದು ನಿಮಗೆ ಎಂದು ಹೇಳಿದಾಗ ನಮ್ಮಜ್ಜಿ ಇಡೀ ಓಣಿಗೆ ಕೇಳುವಂತೆ ಬೈದಳು. "ಮನಿತನದಾಗ ಸತ್ತವರೆಲ್ಲ ಕಾಗದಕ್ಕ ಕಾಯ್ಕೋತ ಕುಂತಾರ. ಇಕಿ ನೋಡಿದ್ರ ಕೋರ್ಟ್ ಮೆಟ್ಟಲ ಹತ್ತಿದ ಯಾವಕಿಗೋ ಬರಿಯಾಕ ಹೊಂಟಾಳ! ಆಕಿ ನಿನಗ ಏನಾಗಬೇಕ?" ಎಂದಳು. "ಏನೂ ಆಗಬೇಕಾಗಿಲ್ಲ ಅಜ್ಜಿ, ಅದಕ್ಕ ಬರಿಯಾಕತ್ತೀನಿ" ಎಂದೆ. ರಕ್ತಸಂಬಂಧವಿಲ್ಲದವರು ಮಾಡಿದ ಉಪಕಾರವೇ ದೊಡ್ಡದು ಎಂದು ನಾನು ನಂಬಿದ್ದೇನೆ. ಅಜ್ಜಿ ನಂಬುವುದಿಲ್ಲ.

ನಾನು ಬರೆದ ವಿಳಾಸ ಸರಿಯಾಗಿದ್ದರೆ ನೀವೀಗ ಕೋರ್ಟಿನ ಆವರಣದಲ್ಲಿ, ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದೀರಿ. ಮಧ್ಯಾಹ್ನ ಒಂದು ಗಂಟೆಗೆ ಕಲಾಪ ನಿಂತಿದೆ. ತೊಡೆಯ ಮೇಲೆ ರಾಜಿಪತ್ರವಿದೆ. ಪ್ರಕಾಶಕ ಕಂಪನಿಯವರು ಆಗಲೇ ಸಹಿ ಹಾಕಿದ್ದಾರೆ, ನಿಮ್ಮ ಸಹಿಯ ಜಾಗ ಖಾಲಿ ಇದೆ. ಸಹಿ ಹಾಕಿದರೆ ನಿಮ್ಮ ಮೇಲಿನ ಕಳವಿನ ಆಪಾದನೆ ಹೋಗುತ್ತದೆ, ನೀವು ಕಟ್ಟಿದ ಕಂಪ್ಯೂಟರ್ ಆಟದ ಮೇಲೆ ನಿಮ್ಮ ಹೆಸರು ಮರಳಿ ಬರುತ್ತದೆ. ಅದಕ್ಕೆ ಬದಲಾಗಿ ನಿಮ್ಮ ಏಳು ನೋಟ್‌ಬುಕ್‌ಗಳು ಕಂಪನಿಗೆ ಸೇರುತ್ತವೆ. ಇದುವರೆಗಿನ ಸಾಕ್ಷಿಹೇಳಿಕೆಗಳು ಮುಚ್ಚಿದ ಲಕೋಟೆಗೆ ಹೋಗುತ್ತವೆ. ಆ ವಿಷಯವಾಗಿ ನೀವು ಇನ್ನು ಬಾಯಿ ಬಿಡುವಂತಿಲ್ಲ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಹೇಳಬೇಕು. ಹನ್ನೆರಡು ವರ್ಷದವಳಿದ್ದಾಗ ದವಾಖಾನೆಯ ಬೆಂಚಿನ ಕೆಳಗೆ ನನಗೊಂದು ಎಂಟು ಪುಟದ, ಹಳದಿ ರಟ್ಟಿನ ಕಿರುಹೊತ್ತಿಗೆ ಸಿಕ್ಕಿತು. ಮೇಲೆ "ಹರಿಗೋಲು ಮೊಕದ್ದಮೆ, ಭಾಗ ಒಂಬತ್ತು" ಎಂದಿತ್ತು. ನಿಮ್ಮ ಮೊಕದ್ದಮೆಯ ಕಾಗದಪತ್ರಗಳನ್ನು ನಮ್ಮ ಕಡೆ ಮೂವತ್ತನಾಲ್ಕು ಭಾಗಗಳಾಗಿ ಅಚ್ಚುಹಾಕಿ ಬಸ್ ನಿಲ್ದಾಣಗಳಲ್ಲಿ, ಕ್ಷೌರದಂಗಡಿಗಳಲ್ಲಿ ಇಟ್ಟುಹೋಗುವ ಜನ ಇದ್ದಾರೆ. ಓದಿ ಅಲ್ಲೇ ಇಡಬೇಕು ಎಂಬುದು ರೂಢಿ. ನಾನು ಒಂಬತ್ತನೆಯದನ್ನು ಕದ್ದೆ. ಆಮೇಲೆ ಉಳಿದವನ್ನು ಹುಡುಕುತ್ತ ನಾಲ್ಕು ವರ್ಷ ಊರೂರು ತಿರುಗಿದೆ.

ಆ ಆಟ ನನಗೆ ಆಡಲು ಸಿಕ್ಕಿಲ್ಲ, ನಿಮ್ಮ ಕಾಲದ ಯಂತ್ರಗಳು ಈಗ ಉಳಿದಿಲ್ಲ. ಆದರೆ ಓದಿದ್ದು ಬಾಯಿಪಾಠವಾಗಿದೆ. ತುಂಬಿದ ಹೊಳೆಯಲ್ಲಿ ಹರಿಗೋಲು ನಡೆಸಿ ಜನರನ್ನು ಆಚೆ ದಡಕ್ಕೆ ಮುಟ್ಟಿಸುವ ಆಟ. ಹಳೆಯ ಎಣ್ಣೆಗಿರಣಿಯ ಮಾಳಿಗೆಯಲ್ಲಿ ಹದಿನಾಲ್ಕು ಜನ ಸೇರಿ ಅದನ್ನು ಕಟ್ಟಿದಿರಿ, ಆ ಸ್ಟುಡಿಯೋದ ಮುಖ್ಯಸ್ಥೆ ನೀವು. ಆಟಗಳನ್ನು ಕೊಂಡು ಜಗತ್ತಿಗೆಲ್ಲ ಮಾರುವ ಕಂಪನಿಯೊಂದು ನಿಮ್ಮ ಸ್ಟುಡಿಯೋವನ್ನು ಕೊಂಡಿತು. ಅದರ ಹೆಸರನ್ನು ಕಿರುಹೊತ್ತಿಗೆಗಳು ಎಲ್ಲಿಯೂ ಅಚ್ಚುಹಾಕಿಲ್ಲ, ಆದ್ದರಿಂದ ನನಗೂ ಗೊತ್ತಿಲ್ಲ, ಗೊತ್ತಾಗಬೇಕೆಂದೂ ಇಲ್ಲ. ಆಟ ಯಾವಾಗ ಹೊರಗೆ ಬರಬೇಕೆಂಬುದು ಸ್ಟುಡಿಯೋದವರ ತೀರ್ಮಾನ ಎಂದು ಒಪ್ಪಂದದಲ್ಲಿ ಬರೆದಿತ್ತು. ಕಾರಣವಿಲ್ಲದೆ ತಡಮಾಡಿದರೆ ಮುಖ್ಯಸ್ಥರನ್ನು ತೆಗೆಯಬಹುದು ಎಂದೂ ಬರೆದಿತ್ತು. ನೀವು ಮೂರು ಸಲ ಇನ್ನೂ ಆಗಿಲ್ಲ ಎಂದಿರಿ. ನಾಲ್ಕನೆಯ ಸಲ ಅವರು ನಿಮ್ಮನ್ನು ತೆಗೆದುಹಾಕಿ, ಹದಿನೈದು ದಿನದಲ್ಲಿ ಆಟವನ್ನು ಮಾರುಕಟ್ಟೆಗೆ ಬಿಟ್ಟರು. ತೆಗೆದದ್ದು ತಪ್ಪು ಎಂದು ನೀವು ದಾವೆ ಹೂಡಿದಿರಿ. ನೋಟ್‌ಬುಕ್ ಕದ್ದಿದ್ದಾಳೆ ಎಂದು ಅವರು ಪ್ರತಿದಾವೆ ಹೂಡಿದರು.

ಆ ನೋಟ್‌ಬುಕ್‌ಗಳು! ನೀವು ಏನೂ ಅಲ್ಲ ಎಂಬಂತೆ ಬರೆದಿಟ್ಟ ಅವು ಇಲ್ಲದಿದ್ದರೆ ನನ್ನ ಕಾಲ ಹೇಗಿರುತ್ತಿತ್ತೋ ಊಹಿಸಲಾರೆ. ಮೊದಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಮ್ಮ ಅಕ್ಷರದಲ್ಲಿ ಎರಡೇ ಸಾಲುಗಳಿವೆ: "ಹಿಂದೆ ನಿಂತವರು ಬಾಯಿ ಬಿಡಬಾರದು. ಕುಂತವರು ತಿರುಗಿ ನೋಡಿದರೆ ತಪ್ಪು ಆಟ ಕಟ್ಟಿದವರದು, ಆಡಿದವರದಲ್ಲ." ಆಟದ ಒಂದೊಂದು ಹಂತ, ಅಂದರೆ ಹೊಳೆಯ ಒಂದೊಂದು ತಿರುವು, ಸಿದ್ಧವಾದಾಗಲೂ ನೀವು ಮಾಳಿಗೆಗೆ ಚಹಾ ತರುತ್ತಿದ್ದ ಫಕ್ಕೀರವ್ವನನ್ನು ಕುರ್ಚಿಯಲ್ಲಿ ಕೂಡಿಸಿ, ಹಿಂದೆ ಮೌನವಾಗಿ ನಿಲ್ಲುತ್ತಿದ್ದಿರಿ. ದಾರಿ ತಿಳಿಯದೆ ಆಕೆ ತಿರುಗಿ ನಿಮ್ಮ ಮುಖ ನೋಡಿದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಒಂದು ಗೀಟು. ಆಕೆ ಒಮ್ಮೆಯೂ ತಿರುಗದೆ ದಡ ಮುಟ್ಟಿದ ದಿನ ಆ ತಿರುವು ಮುಗಿದಂತೆ. ನಾಲ್ಕನೆಯ ತಿರುವಿನ ಸುಳಿಯಲ್ಲಿ ಆಕೆ ಹನ್ನೊಂದು ಸಲ ತಿರುಗಿದಳು. ನೀವು ಕಂಪನಿಗೆ ಆಗಿಲ್ಲ ಎಂದದ್ದು ಆ ಹನ್ನೊಂದು ಗೀಟಿಗಾಗಿ.

ಭಾಗ ಒಂಬತ್ತರಲ್ಲಿ ಇರುವುದು ಆಕೆಯ ಸಾಕ್ಷಿ. ಕಂಪನಿಯ ವಕೀಲರು ನಗುತ್ತಲೇ ಕೇಳಿದ್ದಾರೆ ಎಂದು ಓದಿದರೇ ತಿಳಿಯುತ್ತದೆ.

"ನಿಮಗೆ ಕಂಪ್ಯೂಟರ್ ಬರುತ್ತದೆಯೇ?"

"ಇಲ್ರಿ."

"ಆಟದ ಬಗ್ಗೆ ಏನು ಗೊತ್ತು?"

"ಏನೂ ಗೊತ್ತಿಲ್ರಿ."

"ಏನೂ ಗೊತ್ತಿಲ್ಲದ ನೀವು ಆಟ ಮುಗಿದಿಲ್ಲ ಎಂದು ಹೇಗೆ ಹೇಳುತ್ತೀರಿ?"

"ಸಾಹೇಬ್ರ, ನನಗ ಗೊತ್ತಿಲ್ಲಂತನ ನನ್ನ ಕುಂದ್ರಸ್ತಿದ್ರು. ಗೊತ್ತಿದ್ದವರಾ ಬೇಕಾಗಿದ್ರ ನಿಮ್ಮನ್ನ ಕರೀತಿದ್ರಲ್ರಿ."

ಕೋರ್ಟಿನಲ್ಲಿ ನಗೆ ಎಂದು ಗುಮಾಸ್ತ ದಾಖಲಿಸಿದ್ದಾನೆ. ವಕೀಲರು ಬಿಡಲಿಲ್ಲ.

"ನೀವು ತಿರುಗಿ ನೋಡಿದಾಗ ಇವರು ಏನು ಹೇಳಿಕೊಡುತ್ತಿದ್ದರು?"

"ಏನ್ ಹೇಳ್ತಾರ್ರಿ? ಅಕ್ಕಾರು ಬಾಯಾಗ ನೀರು ತುಂಬ್ಕೊಂಡವರಗತೆ ನಿಂತಿರ್ತಿದ್ರು. ನನಗರ ಸಿಟ್ಟ ಬರ್ತಿತ್ತು. ಮುಳುಗಾಕತ್ತೀನಿ, ಒಂದ್ ಮಾತ್ ಹೇಳವಲ್ರಲ್ಲ ಅಂತ. ಆಮ್ಯಾಲ ಒಂದ್ ಗೀಟ್ ಹೊಡೀತಿದ್ರು."

"ನಿಮ್ಮ ತಪ್ಪಿಗೆ?"

"ಅಲ್ರಿ. ಅವರ ತಪ್ಪಿಗೆ."

ಹನ್ನೆರಡು ವರ್ಷದ ನಾನು ಆ ದವಾಖಾನೆಯಲ್ಲಿ ಕಾಯುತ್ತ ಇದನ್ನು ಓದಿದೆ. ಓದುತ್ತಿರುವಾಗ ನನ್ನ ಎದುರಿಗೇ ಒಂದು ಕುರ್ಚಿ ಇತ್ತು. ಅಂಥದ್ದು ನಮ್ಮಲ್ಲಿ ಎಲ್ಲೆಡೆ ಇರುತ್ತದೆ, ಹುಟ್ಟಿದಾಗಿನಿಂದ ನೋಡುತ್ತ ಬಂದಿದ್ದೆ. ಅದಕ್ಕೆ ಫಕ್ಕೀರವ್ವನ ಕುರ್ಚಿ ಎಂದು ಏಕೆ ಹೆಸರು ಎಂದು ನನಗೆ ತಿಳಿದದ್ದು ಆ ದಿನ.

ನಮ್ಮ ಕಾಲದ ದಿನಗಳು ಹೇಗಿವೆ ಎಂದು ಸ್ವಲ್ಪ ಹೇಳುತ್ತೇನೆ. ನಮ್ಮಲ್ಲಿ ಯಾವ ಹೊಸ ವಸ್ತುವೂ ಆ ಕುರ್ಚಿಯನ್ನು ದಾಟದೆ ಜನರ ಕೈಗೆ ಬರುವುದಿಲ್ಲ. ಬಸ್ಸಿನ ಚೀಟಿಯಂತ್ರ, ಮತಪೆಟ್ಟಿಗೆ, ರೋಗ ಹೇಳುವ ಕನ್ನಡಿ, ಮನೆಬಾಡಿಗೆಯ ಕರಾರು, ಎಲ್ಲಕ್ಕೂ ಇದೇ ನೇಮ. ವಾರಕ್ಕೊಮ್ಮೆ ಚೀಟಿ ಎತ್ತುತ್ತಾರೆ. ಹೆಸರು ಬಂದವರು, ಅವರು ಕುರುಬರಿರಲಿ ಕಮ್ಮಾರರಿರಲಿ ಹತ್ತು ವರ್ಷದ ಮಗುವಿರಲಿ, ಬಂದು ಕೂರುತ್ತಾರೆ. ಅದನ್ನು ಮಾಡಿದವರು ಹಿಂದೆ ಕೈಕಟ್ಟಿ ಸಾಲಾಗಿ ನಿಲ್ಲುತ್ತಾರೆ. ತಿರುಗಿ ನೋಡಿದ ಒಂದು ಸಲಕ್ಕೆ ನಾವು ಒಂದು ಹೊಳ್ಳು ಎನ್ನುತ್ತೇವೆ. ನಿಮಗೆ ಗಜ, ಸೇರು ಇದ್ದಂತೆ ನಮಗೆ ಅದು ಒಂದು ಅಳತೆ. ಮೂರು ಹೊಳ್ಳಿನ ಕೊಡೆ ಎಂದರೆ ಬಿಚ್ಚಲು ಬಾರದ ಕೊಡೆ. ಅರ್ಥವಾಗದಂತೆ ಮಾತನಾಡುವ ಮೇಷ್ಟರಿಗೆ ಮಕ್ಕಳು ಇಪ್ಪತ್ತು ಹೊಳ್ಳಿನ ಮೇಷ್ಟರು ಎಂದು ಹೆಸರಿಡುತ್ತಾರೆ. ಕಳೆದ ಚಳಿಗಾಲದಲ್ಲಿ ಒಬ್ಬ ಕಾನೂನುಮಂತ್ರಿ ತಾನು ಬರೆದ ಮಸೂದೆಯನ್ನು ಹೂ ಮಾರುವ ಸಕೀನಾಬಿ ಎಂಬವರು ಓದುವಾಗ ಹಿಂದೆ ನಿಂತು ಬೆವರುವುದನ್ನು ನಾನೇ ಕಣ್ಣಾರೆ ಕಂಡೆ. ಎರಡನೇ ಸಾಲಿಗೇ ಆಕೆ ತಿರುಗಿದರು. ಆತ ಬಾಯಿ ತೆರೆದ, ನೂರು ಜನ ಒಟ್ಟಿಗೆ "ಶ್!" ಎಂದೆವು. ಅಷ್ಟು ಸಂತೋಷ ನನಗೆ ಬೇರೆ ಯಾವತ್ತೂ ಆಗಿಲ್ಲ. ತಿಳಿಯದವರು ನಾಚಿಕೊಳ್ಳಬೇಕಾದ ಲೋಕದಲ್ಲಿ ನೀವು ಬದುಕಿದಿರಿ. ತಿಳಿಸಲಾರದವರು ನಾಚಿಕೊಳ್ಳುವ ಲೋಕದಲ್ಲಿ ನಾನು ಹುಟ್ಟಿದೆ. ಈ ಎರಡರ ನಡುವಿನ ಸೇತುವೆ ನಿಮ್ಮ ಗೀಟುಗಳು. ಇದಕ್ಕೆ ಕೃತಜ್ಞತೆ ಹೇಳಲು ಒಂದು ಕಾಗದ ಸಾಲದು, ಆದರೆ ನನಗೆ ಕೊಟ್ಟದ್ದು ಒಂದೇ.

ಈಗ ಸಿಹಿಯಲ್ಲದ ಮಾತು. ನಿಮ್ಮಂಥವರಿಗೆ ಸುಳ್ಳು ಹೇಳಲು ನನಗೆ ಮನಸ್ಸಿಲ್ಲ. ನೀವು ಸೋಲುತ್ತೀರಿ.

ಇಂದು ಬೆಳಿಗ್ಗೆ ಪಾಟೀಸವಾಲಿನಲ್ಲಿ ಕಂಪನಿಯ ವಕೀಲರು, ನಿಮ್ಮ ಪ್ರಕಾರ ಈ ಆಟ ಯಾವತ್ತಾದರೂ ಪೂರ್ತಿ ಮುಗಿಯುತ್ತಿತ್ತೇ ಎಂದು ಕೇಳಿದರು. ನೀವು ಸ್ವಲ್ಪ ಯೋಚಿಸಿ, "ಇಲ್ಲ, ಯಾವ ಆಟವೂ ಪೂರ್ತಿ ಮುಗಿಯುವುದಿಲ್ಲ. ಹೊಸಬರು ಒಬ್ಬರು ಬಂದು ಕುಂತರೆ ಮತ್ತೆ ಒಂದು ಗೀಟು ಬಿದ್ದೇ ಬೀಳುತ್ತದೆ" ಎಂದಿರಿ. ಗೀಟು ಹೊಡೆದು ರೂಢಿಯಾದವರು ಮಾತ್ರ ಇಂಥ ತಪ್ಪು ಮಾಡಬಲ್ಲರು. ನಿಮ್ಮ ವಕೀಲ ಇನಾಮದಾರರು ತಲೆ ಹಿಡಿದುಕೊಂಡು ಕುಳಿತು, ಹೊರಗೆ ಬಂದ ಮೇಲೆ, "ಮೇಡಂ, 'ಎರಡು ತಿಂಗಳದಾಗ ಮುಗಿತಿತ್ತು' ಅಂದಿದ್ರ ಸಾಕಿತ್ತಲ್ರಿ! ಅವರ ಕೈಯಾಗ ಕೇಸ್ ಕೊಟ್ಟಬಿಟ್ರಿ" ಎಂದರು. ಹಾಗೆಂದು ನಿಮ್ಮನ್ನು ಆ ಬೆಂಚಿನ ಮೇಲೆ ಬಿಟ್ಟುಹೋದದ್ದನ್ನು ಅವರೇ ಮುಂದೆ ಬರೆದಿಡುತ್ತಾರೆ. ಅವರು ಹೇಳಿದ್ದು ನಿಜ. ಎಂದೂ ಮುಗಿಯದ ಆಟಕ್ಕಾಗಿ ಕಾಯುವ ಹೊಣೆ ಕಂಪನಿಗಿಲ್ಲ ಎಂದು ಏಳು ತಿಂಗಳ ಮೇಲೆ ತೀರ್ಪು ಬರುತ್ತದೆ. ನಿಮ್ಮ ಹೆಸರು ಆಟದ ಮೇಲೆ ಬರುವುದಿಲ್ಲ. ನೋಟ್‌ಬುಕ್‌ಗಳು ಕಂಪನಿಗೇ ಸೇರುತ್ತವೆ. ಮುಂದೆ ನಿಮ್ಮನ್ನು ಯಾವ ಸ್ಟುಡಿಯೋವೂ ಕೆಲಸಕ್ಕೆ ಕರೆಯಿತೆಂದು ನಾನು ಎಲ್ಲಿಯೂ ಓದಿಲ್ಲ.

ಆದರೆ ತೀರ್ಪು ಬರೆಯುವ ನ್ಯಾಯಾಧೀಶರು ಆ ಗೀಟುಗಳ ಅರ್ಥ ವಿವರಿಸಲೆಂದು ನಲವತ್ತೆರಡು ಪುಟಗಳನ್ನು ತೀರ್ಪಿಗೆ ಅನುಬಂಧವಾಗಿ ಸೇರಿಸುತ್ತಾರೆ. ಕಂಪನಿ ನೋಟ್‌ಬುಕ್‌ಗಳನ್ನು ಕೊಂಡೊಯ್ದು ಏನು ಮಾಡಿತೋ ಯಾರಿಗೂ ಗೊತ್ತಿಲ್ಲ, ತೀರ್ಪು, ಸಾಕ್ಷಿಹೇಳಿಕೆಗಳು ಮಾತ್ರ ಎಲ್ಲರದಾಗಿ ಉಳಿಯುತ್ತವೆ. ಅವುಗಳ ನಕಲನ್ನು ಯಾರು ಬೇಕಾದರೂ ಅರ್ಜಿ ಕೊಟ್ಟು ಪಡೆಯಬಹುದಿತ್ತು. ಪಡೆದರು. ಅಚ್ಚುಹಾಕಿದರು. ನನ್ನ ಕೈಯಲ್ಲಿರುವ ಹಳದಿ ರಟ್ಟು ಬಂದದ್ದು ಅಲ್ಲಿಂದ. ನೀವು ಈ ಮಧ್ಯಾಹ್ನ ಸಹಿ ಹಾಕಿದರೆ ತೀರ್ಪೂ ಇಲ್ಲ, ಅನುಬಂಧವೂ ಇಲ್ಲ.

ಭಾಗ ಹದಿನೇಳರಲ್ಲಿ ಒಂದು ಅರ್ಧ ಪುಟ ಖಾಲಿ ಬಿಟ್ಟಿದ್ದಾರೆ. ಮೇಲೆ "ಒಂದು ಗಂಟೆಗೆ ಕಲಾಪ ಮುಂದೂಡಲಾಯಿತು" ಎಂದಿದೆ. ಕೆಳಗೆ "ಮೂರೂಕಾಲಿಗೆ ವಾದಿ ಹಾಜರು" ಎಂದಿದೆ. ಇನಾಮದಾರರು ಹೋದ ಮೇಲೆ ಆ ಎರಡೂಕಾಲು ಗಂಟೆ ನೀವು ಏನು ಮಾಡಿದಿರಿ, ಯಾರ ಜೊತೆ ಮಾತನಾಡಿದಿರಿ, ಊಟ ಮಾಡಿದಿರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ನಾನು ಆ ಖಾಲಿ ಜಾಗಕ್ಕೇ ಈ ಕಾಗದ ಬರೆದೆ. ಸಹಿ ಹಾಕಬೇಡಿ ಎಂದು ಬೇಡಿಕೊಳ್ಳಲು ಬರೆದೆ. ಆ ವಾಕ್ಯವನ್ನು ಆರು ರೀತಿಯಲ್ಲಿ ಬರೆದು ಇಟ್ಟುಕೊಂಡಿದ್ದೆ, ಒಂದಕ್ಕಿಂತ ಒಂದು ಬಿರುಸಾಗಿ. ಕಿರುಹೊತ್ತಿಗೆ ಓದಿದವರಿಗೆ ಬಿರುಸಾಗಿ ಬರೆಯುವುದು ಕಷ್ಟವಲ್ಲ.

ಇಷ್ಟು ಬರೆದು ಅಜ್ಜಿಗೆ ಓದಿ ಹೇಳಿದೆ. ಆಕೆ ಮುನಿಸಿನಲ್ಲಿಯೇ ಕೇಳಿ, "ಆಕಿ ಕುಂತಾಳ, ನೀ ಆಕಿ ಹಿಂದ ನಿಂತೀ. ಮತ್ತ ಬಾಯಿ ಯಾಕ ಬಿಡಾಕತ್ತೀ?" ಎಂದಳು.

ನನಗೆ ಮುಖ ತೋರಿಸಲಾಗಲಿಲ್ಲ. ನಿಮ್ಮ ಹೆಸರಿನಲ್ಲಿ ಮಂತ್ರಿಗೆ "ಶ್!" ಎಂದವಳು ನಾನು. ನಿಮ್ಮ ಎರಡೇ ಸಾಲಿನಲ್ಲಿ ಮೊದಲನೆಯದನ್ನೇ ಮುರಿದೆ. ಸೋಲಿನ ಸುದ್ದಿಯನ್ನು ಅಳಿಸೋಣವೆಂದರೆ ಮರುಟಪಾಲಿನ ಕಾಗದದಲ್ಲಿ ಬರೆದದ್ದು ಅಳಿಸುವುದಿಲ್ಲ. ಆದರೆ ಆ ಆರು ವಾಕ್ಯಗಳನ್ನು ಇಲ್ಲಿ ಸೇರಿಸುವುದಿಲ್ಲ. ಅವನ್ನು ಒಲೆಗೆ ಹಾಕಿದ್ದೇನೆ.

ಆದ್ದರಿಂದ, ಅನಸೂಯಕ್ಕ, ಪೆನ್ನು ನಿಮ್ಮ ಕೈಯಲ್ಲಿದೆ. ದಣಿದಿದ್ದರೆ ದಣಿದಿದ್ದೀರಿ, ಅದಕ್ಕೆ ನೀವು ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ದಾರಿ ಕಾಣದೆ ಒಂದು ಸಲ ತಿರುಗಿ ನೋಡಬೇಕೆನಿಸಿದರೆ ನೋಡಿ. ಬೆಂಚಿನ ಹಿಂದೆ ನಾವು ಸಾಲಾಗಿ ಕೈಕಟ್ಟಿ ನಿಂತಿದ್ದೇವೆ, ಸಕೀನಾಬಿ, ಬೆವರಿದ ಮಂತ್ರಿ, ನಮ್ಮಜ್ಜಿ, ನಾನು. ಯಾರೂ ಏನೂ ಹೇಳುವುದಿಲ್ಲ. ನೀವು ಏನೇ ಮಾಡಿದರೂ ಗೀಟು ನಮ್ಮ ಹೆಸರಿಗೆ ಬೀಳುತ್ತದೆ, ನಿಮ್ಮ ಹೆಸರಿಗಲ್ಲ. ಹಾಗೆಂದು ನೀವೇ ಬರೆದಿದ್ದೀರಿ.

ಇನ್ನು ಬಾಯಿ ಮುಚ್ಚುತ್ತೇನೆ.

ನಿಮ್ಮ ಋಣದಲ್ಲಿರುವ,
ನೀಲಾ ಬಡಿಗೇರ