ನೀನು ನನ್ನ ಟೋಪಿ ಹಾಕಿಕೊಂಡ ದಿನ

ಫ್ರಾನ್ಸಿಸ್‌ಟೌನ್, ಬೋಟ್ಸ್ವಾನ
ಆಗಸ್ಟ್ 14, ಭಾನುವಾರ

ನಾದಿನಿ ಶುವಿರೊಗೆ,

ಇಲ್ಲ, ನಿನ್ನನ್ನು ಒಲ್ಲೆ ಅಂತ ನಾನು ಗಡಿ ದಾಟಿ ಓಡಿಬಂದವನಲ್ಲ. "ಇಲ್ಲಿ ನಮ್ಮೂರು ಗುಟುವಿನಲ್ಲಿ ಎಲ್ರೂ ನನ್ನ ಮುಖ ನೋಡಿ ಗುಸುಗುಸು ಅಂತಾರೆ. ನೀನೊಬ್ಬ ಹೇಡಿ, ಭಾವ" ಎಂದು ಬರೆದಿದ್ದೀಯ. ಉತ್ತರ ತಡವಾಯಿತು, ಅದಕ್ಕೂ ಸೇರಿಸಿ ಬೈದುಬಿಡು. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನಿಗೆ ಪಿಸುಮಾತು ಗೊತ್ತಿಲ್ಲ, ನಿಮ್ಮಮ್ಮನ ಜೊತೆ ಕೋಳಿಗಳೂ ಕೇಳಿಸಿಕೊಳ್ಳುತ್ತವೆ.

ನಿನ್ನೆ ನಿಮ್ಮಪ್ಪ ಕಳಿಸಿದ ಮಧ್ಯಸ್ಥ, ಚಕಾಫಾ ಮಾವ, ಬಸ್ಸಿಳಿದು ಬಂದರು. ಕೈತೊಳೆದವರೇ ಶುರುಮಾಡಿದರು.

"ನಿನ್ನ ಒಲೆಗುಂಡು ಬಿದ್ದು ವರ್ಷ ಆಯ್ತಲ್ಲ, ಅಳಿಯ. ಅಕ್ಕ ಹೋದ್ಮೇಲೆ ತಂಗಿ ಬಂದು ಎತ್ತಿ ನಿಲ್ಲಿಸ್ತಾಳೆ. ನಮ್ಮ ಹಿರೀಕರು ಮಾಡಿದ್ದೂ ಇದನ್ನೇ."

"ಅವಳನ್ನ ಕೇಳಿದ್ರಾ, ಮಾವ?"

"ಕೇಳೋದೇನು ಬಂತು? ಬಟ್ಟೆ ಹಂಚಿದ ದಿನ ಊರೆಲ್ಲ ನೋಡ್ಲಿಲ್ವಾ!"

ನೋಡಿತು, ನಿಜ. ನನ್ನ ಮದುವೆಯಾದಾಗಿನಿಂದ ನೀನು ನನ್ನನ್ನು "ಮುದಿ ಗಂಡ" ಅನ್ನುತ್ತಿದ್ದೆ, ತಟ್ಟೆಯಿಂದ ಮಾಂಸ ಕಸಿಯುತ್ತಿದ್ದೆ. ನಿನ್ನಕ್ಕ ರತಿಡ್ಜೊ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ಹೋದ ಮೇಲೆ, ಪದ್ಧತಿಯಂತೆ ಅವಳ ಬಟ್ಟೆಗಳನ್ನು ನಿಮ್ಮವರು ಹಂಚಿಕೊಂಡ ದಿನ ನಾನು ಕಲ್ಲಿನಂತೆ ಕೂತಿದ್ದೆ. ನೀನು ಬಂದು ನನ್ನ ಟೋಪಿ ಕಿತ್ತು ತಲೆಗಿಟ್ಟುಕೊಂಡು, ಒಂದು ಭುಜ ಎತ್ತಿ, ಥೇಟ್ ನನ್ನಂತೆ ಅಂಗಳದಲ್ಲಿ ನಡೆದೆ. ನಾನು ನಕ್ಕುಬಿಟ್ಟೆ. ಹಿರಿಯರು ಚಪ್ಪಾಳೆ ತಟ್ಟಿದರು, ಹೆಂಗಸರು ಸಂಭ್ರಮದ ಕೇಕೆ ಹಾಕಿದರು. ನಾದಿನಿ ಭಾವನ ಟೋಪಿ ಹಾಕಿಕೊಂಡರೆ, ಹೆಂಡತಿ ಬದುಕಿರುವಾಗ ಅದು ಆಟ, ಅವಳಿಲ್ಲದಾಗ ಮದುವೆಗೆ ಒಪ್ಪಿಗೆ. ನಾವಿಬ್ಬರೂ ಅದನ್ನು ಮರೆತೇಬಿಟ್ಟಿದ್ದೆವು.

ನನ್ನ ಸುದ್ದಿ ಕೇಳು. ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಗೇಟು ಮಾಡುತ್ತೇನೆ. ಮೊದಮೊದಲು ಎಲ್ಲಾದರೂ ಎದ್ದು ಹೋಗಿಬಿಡೋಣ ಅನ್ನಿಸುತ್ತಿತ್ತು, ಒಂದು ಕಡೆ ನಿಲ್ಲದ ನನ್ನ ಕಾಲು ನಿನಗೆ ಗೊತ್ತಲ್ಲ. ಈಗ ಕಬ್ಬಿಣ ಬಗ್ಗಿಸುವಾಗ ನನಗೇ ತಿಳಿಯದೆ ಹಾಡಿಕೊಳ್ಳುತ್ತಿರುತ್ತೇನೆ. ಮನೆಯೊಡತಿ ಕೆಬೋನೆ ಅಮ್ಮ ನಾನು ತಿರುವಿದ ಸಾಡ್ಜಾ ಮುದ್ದೆ ಮುಟ್ಟಿ ನೋಡಿ, "ಇದನ್ನ ನಾಯಿಗೆ ಎಸೀಬೇಡಪ್ಪ, ಪೆಟ್ಟಾಗುತ್ತೆ" ಅನ್ನುತ್ತಾರೆ. ಆದರೂ ಸೊಪ್ಪಿನ ಪಲ್ಯ ಕೊಟ್ಟು ಹೋಗುತ್ತಾರೆ. ಕಳೆದ ವಾರ ಕಿಟಕಿಗೆ ಪರದೆ ಹಾಕಿದೆ. ಹಳದಿ. ನಾನೇ ಆರಿಸಿದ್ದು.

ಮಾವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. "ಒಲ್ಲೆ" ಅಂತ ಬರೀ ಒಂದು ಮಾತು ಹೇಳಿದರೆ ಊರು ನಿನ್ನಲ್ಲೇ ಕೊರತೆ ಹುಡುಕುತ್ತದೆ. ಅದಕ್ಕೇ ಹೀಗೆ ಹೇಳುತ್ತೇನೆ: ಅವಳು ಅಳುವವನನ್ನು ನಗಿಸಿದಳು, ಅಷ್ಟೇ, ಅವಳು ಒಪ್ಪಿಲ್ಲ, ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನಿಮ್ಮಪ್ಪ ಇನ್ನು ಮೇಲೆ ನನ್ನನ್ನು ಅಂಗಳಕ್ಕೆ ಸೇರಿಸದಿರಬಹುದು. ಅಳಿಯನಾಗಿ ಅಲ್ಲಿ ಉಂಡ ಊಟವೆಲ್ಲ ನೆನಪಾಗುತ್ತದೆ. ಸೇರಿಸದಿದ್ದರೆ ಇಲ್ಲ.

ನೀನು ಮಾತ್ರ ನಿನ್ನಾಸೆಯಂತೆ ಲಾರಿ ಓಡಿಸೋದು ಕಲಿ. ಸಣ್ಣದಲ್ಲ, ಹದಿನೆಂಟು ಚಕ್ರದ್ದು. ನಿನ್ನ ಹಾರ್ನಿಗೆ ಗುಟುವಿನ ದನಗಳೆಲ್ಲ ದಾರಿ ಬಿಡಲಿ, ನಿಮ್ಮಪ್ಪನೂ ಬಿಡಲಿ. ಅಮ್ಮನ ಮೊಣಕಾಲು ವಾಸಿಯಾಗಲಿ. ನಿನಗೆ ಒಳ್ಳೆಯದಾಗಲಿ.

ನಿನ್ನ ಭಾವ,
ಟೊಂಗಾಯಿ

ಇನ್ನೊಂದು ಮಾತು. ಅವತ್ತು ನಗುತ್ತಾ ನಗುತ್ತಾ ನಾನು ನಿನ್ನನ್ನು "ರತಿಡ್ಜೊ" ಅಂತ ಕರೆದೆ. ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ನಿನಗೆ ಕೇಳಿಸಿತು. ನೀನು ತಿರುಗಿ "ಏನು?" ಅಂದೆ, ಮೆಲ್ಲಗೆ, ಅವಳ ಹಾಗೆಯೇ. ಅದಕ್ಕೇ ನಾನು ಬರಲಾರೆ, ಶುವಿರೊ. ಬಂದರೆ ಬದುಕಿಡೀ ಹಾಗೇ ಕರೆಯುತ್ತೇನೆ. ನೀನು ಒಳ್ಳೆಯವಳು, ಬದುಕಿಡೀ ಓಗೊಡುತ್ತೀಯ.

ಮಾವ ಹೊರಗಿಂದ ಕೂಗುತ್ತಿದ್ದಾರೆ: "ಅಳಿಯಾ, ಮುಗೀತೇನೋ? ಬಸ್ಸೇನು ನಿನ್ನ ಅತ್ತೆ ಅಲ್ಲ, ಕಾಯ್ಕೊಂಡು ನಿಲ್ಲೋಕೆ!"

ಕಾಗದ ಮಡಿಸಿ ಅವರ ಕೈಗೇ ಕೊಡುತ್ತೇನೆ, ಉತ್ತರವನ್ನು ಬಾಯಲ್ಲಿ ಹೇಳುತ್ತೇನೆ. ಇಗೋ, ಅವರನ್ನು ಬಸ್ಸು ಹತ್ತಿಸಲು ಬಾಗಿಲು ಎಳೆದುಕೊಂಡು ಹೊರಟೆ.