ಅಕ್ಕನ ದೊಡ್ಡ ಅಕ್ಷರಗಳು

ಸರ್ವಾಂತರ್ಯಾಮಿಯಾದ ದೇವರಿಗೆ ಪೊಡಮಟ್ಟು ಬರೆಯುವುದು. ಶುಕ್ಲ ದಶಮಿ, ಗುರುವಾರ.

ಮೂರ್ಛಿತವಾಗಿದ್ದ ಕಂಪ್ಯೂಟರಿಗೆ ಸೊಸೆ ಇಂದು ಅದನ್ನು ಹಿಂದಿನ ಸ್ಥಿತಿಗೆ ಮರಳಿಸುವ ರಿಕವರಿ ಡಿಸ್ಕ್ ಹಾಕಿದಳು. ಪರದೆಯ ಮೇಲೆ ಹಳೆಯ ದಿನಾಂಕಗಳು ಮೂಡಿದವು.

“ಮಾವ, ಇದನ್ನ ಯಾವತ್ತು ಇದ್ದ ಹಾಗೆ ಮಾಡ್ಲಿ?”

“ಅಕ್ಕ ಇದ್ದಾಗಿನ ಹಾಗೆ.”

“ದೊಡ್ಡತ್ತೆ ಬರಲ್ಲ ಮಾವ, ಬರೀ ಸೆಟ್ಟಿಂಗ್ ಬರುತ್ತೆ” ಎಂದಳು. ಆದರೂ ಆ ಕಾಲದ ದಿನಾಂಕವನ್ನೇ ಒತ್ತಿದಳು.

ಯಂತ್ರವು ಎಚ್ಚೆತ್ತಿತು. ಕಣ್ಣು ಮಂಜಾದ ಅಕ್ಕ ತನ್ನ ಓದಿಗೆಂದು ಹಿಗ್ಗಿಸಿಕೊಂಡಿದ್ದ ಅಕ್ಷರಗಳನ್ನು ಅವಳು ತೀರಿದ ಮೇಲೆ ನಾವೇ ಕಿರಿದಾಗಿಸಿದ್ದೆವು. ಅವೀಗ ಪುನಃ ಪರದೆ ತುಂಬ ನಿಂತವು.

“ಅಯ್ಯೋ, ಒಂದೊಂದೂ ಕುಂಬಳಕಾಯಿ! ಚಿಕ್ಕದು ಮಾಡ್ಲಾ?”

“ಬೇಡ ತಾಯಿ, ಇರಲಿ.”

ಓದುತ್ತಿದ್ದವಳು ಈಗಷ್ಟೇ ಎದ್ದು ಒಳಗೆ ಹೋದಂತಿತ್ತು. ಬಹುಹೊತ್ತು ಒಳಬಾಗಿಲನ್ನೇ ನೋಡುತ್ತ ಕುಳಿತೆ.

ಅಕ್ಕನಿಗೆ ಸದ್ಗತಿಯೂ, ಸೊಸೆಗೆ ಸಕಲ ಶ್ರೇಯಸ್ಸೂ, ಕಾದು ಕುಳಿತ ಈ ಜೀವಕ್ಕೆ ಶಾಂತಿಯೂ ಉಂಟಾಗಲಿ.