ಮೀನುಕಣ್ಣು ಬಿದ್ದ ಮೇಜು

ಶನಿವಾರ, ಮಧ್ಯಾಹ್ನ ಊಟವಾದ ಮೇಲೆ

ನನ್ನ ಮುದ್ದು ಅಮ್ಮನಿಗೆ ನಿನ್ನ ಗಿಣಿಯಿಂದ ಎರಡು ತೋಳಿಗೂ ಸಿಗದಷ್ಟು ದೊಡ್ಡ ಅಪ್ಪುಗೆ,

ನಿನ್ನ ಪತ್ರ ಗುರುವಾರ ಬಂತು. ಮೂರು ಸಲ ಓದಿದೆ. ಮೊದಲ ಸಲ ಅಳು ಬಂತು, ಎರಡನೇ ಸಲ ನಗು, ಮೂರನೇ ಸಲ ಸಿಟ್ಟು. ಸಿಟ್ಟು ಬಿಸಿಯಾಗಿರುವಾಗಲೇ ಬರೆದುಬಿಡುತ್ತೇನೆ. ಆರಿತೆಂದರೆ ಮತ್ತೆ ನಿನ್ನ ಮಾತಿಗೆಲ್ಲ ಹೂಂಗುಟ್ಟುತ್ತೇನೆ, ನನ್ನ ಬುದ್ಧಿ ನಿನಗೆ ಗೊತ್ತೇ ಇದೆ.

ಮೊದಲು ಸಂತೋಷದ ಸುದ್ದಿ. ಮದುವೆಯಾಗಿ ಇವತ್ತಿಗೆ ನಲವತ್ತಮೂರು ದಿನ. ಗಂಡನನ್ನು ಬಹುವಚನದಲ್ಲಿ ಕರೆಯಬೇಕು ಎಂದು ನೀನು ಹೇಳಿಕೊಟ್ಟದ್ದನ್ನು ಎರಡು ದಿನ ಕಷ್ಟಪಟ್ಟು ನಡೆಸಿದೆ. ಮೂರನೇ ದಿನ ಇವನೇ, ಬೇಡ ಕಣೇ, ನನ್ನ ಹಿಂದೆ ಇನ್ಯಾರೋ ನಿಂತಿದ್ದಾರೆ ಅಂತ ತಿರುಗಿ ತಿರುಗಿ ನೋಡೋ ಹಾಗಾಗುತ್ತೆ ಅಂದ. ನಮ್ಮ ಕೋಣೆ ಇವನ ಮರದ ಪಾಲಿಶ್ ಕಾರ್ಖಾನೆಯ ಮೇಲೆಯೇ ಇದೆ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಕೆಳಗೆ ಮರ ಉಜ್ಜುವ ಸದ್ದು ಕೇಳುತ್ತದೆ, ಮಹಡಿಯ ಹಲಗೆಗಳ ಸಂದಿನಿಂದ ಸ್ಪಿರಿಟ್ ವಾಸನೆ ಬರುತ್ತದೆ. ನಿನಗೆ ತಲೆನೋವು ತರಿಸಿದ ಅದೇ ವಾಸನೆ. ನನಗೀಗ ಅದಿಲ್ಲದಿದ್ದರೆ ಎಚ್ಚರವೇ ಆಗುವುದಿಲ್ಲ.

ಏಳನೇ ಕ್ಲಾಸಿನಲ್ಲಿ ನೀನು ನನ್ನನ್ನು ನಿನ್ನ ಲೈಬ್ರರಿಯ ಮೂಲೆಯಲ್ಲಿ ಕೂರಿಸಿಕೊಂಡು ಇಂಗ್ಲಿಷ್ ಪದಗಳನ್ನು ಉರು ಹೊಡೆಸುತ್ತಿದ್ದೆಯಲ್ಲ. ಸ್ಯಾಂಡ್, ಬಫ್, ಪಾಲಿಶ್, ಬರ್ನಿಶ್, ವ್ಯಾಕ್ಸ್, ಗ್ಲೇಜ್, ಗ್ರೀಸ್, ಲೂಬ್ರಿಕೇಟ್. ಎಲ್ಲದರ ಮುಂದೆಯೂ ನಾನು ಬರೆದದ್ದು ಒಂದೇ ಅರ್ಥ: ನುಣುಪು ಮಾಡು. ಪೂರ್ತಿ ಅಂಕ ಸಿಕ್ಕಿತ್ತು. ಅಮ್ಮಾ, ಆ ಅಂಕ ವಾಪಸ್ ಕೊಡಬೇಕು. ಇಲ್ಲಿ ಒಂದೊಂದು ಪದಕ್ಕೂ ಬೇರೆ ಬಟ್ಟೆ, ಬೇರೆ ಡಬ್ಬಿ, ಬೇರೆ ಮಣಿಕಟ್ಟು. ಸ್ಯಾಂಡ್ ಎಂದರೆ ಉಜ್ಜಣ್ಣನ ಮೊಣಕೈ. ಮೂವತ್ತು ವರ್ಷದಿಂದ ಮರ ಉಜ್ಜಿ ಉಜ್ಜಿ ಅವರ ಸ್ವಂತ ಹೆಸರೇ ಸವೆದುಹೋಗಿದೆ. ಬಫ್ ಎಂದರೆ ಇವನ ಕೈಯ ಉಣ್ಣೆ ಬಟ್ಟೆ, ಎಂಟರ ಅಂಕಿ ಬರೆಯುತ್ತಾ ಹೋಗುವುದು. ವ್ಯಾಕ್ಸ್ ಎಂದರೆ ಅತ್ತೆಯ ಹೆಬ್ಬೆರಳು. ಕೆತ್ತನೆಯ ಸಂದಿಗೆ ಮೇಣ ತುಂಬಿಸಲು ಬೇರೆಯವರಿಗೆ ಬಿಡುವುದಿಲ್ಲ. ಈ ಪದಗಳಲ್ಲಿ ಕೆಲವಕ್ಕೆ ಒಂದನ್ನೊಂದು ಕಂಡರಾಗದು, ಒಂದೇ ಸೂರಿನಡಿ ಇಡಬಾರದು. ಅದು ಯಾವ ಡಿಕ್ಷನರಿಯಲ್ಲೂ ಇರಲಿಲ್ಲ.

ಈಗ ಇವನು ಪಾಲಿಶ್ ಹಾಕಿಕೊಟ್ಟ ನಿಮ್ಮ ಲೈಬ್ರರಿಯ ಮೇಜಿನ ವಿಷಯ. ಮೇಲೆಲ್ಲ ಹಳ್ಳ ಬಿದ್ದಿದೆ, ಓದುವವರ ಪೆನ್ಸಿಲ್ ತುದಿ ಅದರೊಳಗೆ ಇಳಿಯುತ್ತದೆ, ನಿನ್ನ ಎಣ್ಣೆಕೈ ಗಂಡನ ಕೆಲಸ ನೋಡಲು ಜನ ಟಿಕೆಟ್ ಇಲ್ಲದೆ ಬರುತ್ತಿದ್ದಾರೆ ಎಂದೆಲ್ಲ ಬರೆದಿದ್ದೀಯ. ಉಳಿದ ಐದು ಮೇಜುಗಳನ್ನು ಬೇರೆಯವರಿಗೆ ಕೊಡುತ್ತಾರಂತೆ, ಇವನ ಹೆಸರು ಊರಿನಲ್ಲಿ ಕೆಟ್ಟಿತಂತೆ. ನಾನು ಬಂದು ಒಂದು ತಿಂಗಳು ಇದ್ದು, ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಕೆಲಸಕ್ಕೆ ಸೇರಿ, ಆಮೇಲೆ ನೋಡೋಣವಂತೆ. ಏನನ್ನು ನೋಡುವುದು ಎಂದು ನೀನು ಬರೆದಿಲ್ಲ. ನನಗೆ ಅರ್ಥವಾಗಿದೆ.

ಆ ಮೇಜು ಹಾಳು ಮಾಡಿದ್ದು ಇವನಲ್ಲ ಅಮ್ಮಾ. ನಾನು.

ಇಲ್ಲಿ ಕಾರ್ಖಾನೆಯಲ್ಲಿ ನಿಮ್ಮ ಮೇಜಿನ ಪಕ್ಕ ಒಂದು ಕಪಾಟು ಇತ್ತು, ಅದರ ಡ್ರಾಯರ್ ಎಳೆದರೆ ಕಿರುಚುತ್ತಿತ್ತು. ನನ್ನ ಬಳಿ ಹಸಿರು ಮುಚ್ಚಳದ ಒಂದು ಸ್ಪ್ರೇ ಡಬ್ಬಿ ಇತ್ತು. ಮರವಿರಲಿ ಲೋಹವಿರಲಿ, ಯಾವ ಮೇಲ್ಮೈಯನ್ನಾದರೂ ನುಣುಪಾಗಿ ಜಾರುವಂತೆ ಮಾಡುತ್ತದೆ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದರು. ಕಾರ್ಖಾನೆಯಲ್ಲಿ ಸಲೀಸಾಗಿ ಇಂಗ್ಲಿಷ್ ಓದುವವಳು ನಾನೊಬ್ಬಳೇ. ಎಲ್ಲರೂ ಊಟಕ್ಕೆ ಹೋಗಿದ್ದಾಗ, ಬಂದು ನೋಡಿ ಬೆರಗಾಗಲಿ ಎಂದು ಧಾರಾಳವಾಗಿ ಹೊಡೆದೆ. ಡ್ರಾಯರ್ ಬೆಣ್ಣೆಯಂತೆ ಜಾರಿತು. ಆದರೆ ಅದರಲ್ಲಿ ಸಿಲಿಕೋನ್ ಎಣ್ಣೆ ಇತ್ತು. ಕಣ್ಣಿಗೆ ಕಾಣದ ಅದರ ತುಂತುರು ಹೋಗಿ ನಿಮ್ಮ ಮೇಜಿನ ಮೇಲೆ ಕೂತಿತು, ಉಜ್ಜಣ್ಣ ನಾಲ್ಕು ದಿನ ಉಜ್ಜಿ ಬರಿದು ಮಾಡಿಟ್ಟ ಮರದ ಮೇಲೆ. ಮರುದಿನ ಇವನು ಪಾಲಿಶ್ ಹಾಕಿದರೆ ಅದು ಹಿಡಿಯಲೊಲ್ಲದು, ಚುಕ್ಕಿ ಚುಕ್ಕಿಯಾಗಿ ಸರಿದು ದುಂಡನೆಯ ಗುಳಿಗಳು ಬಿದ್ದವು. ಇವರು ಅದಕ್ಕೆ ಮೀನುಕಣ್ಣು ಅನ್ನುತ್ತಾರೆ. ಒರೆಸಿದಷ್ಟೂ ಹರಡುತ್ತದೆ.

ಅಷ್ಟರಲ್ಲಿ ನಿಮ್ಮ ಲೈಬ್ರರಿಯ ಕಾರ್ಯದರ್ಶಿಗಳು ಬಂದರು. ಪಾಲಿಶ್ ತೆಳುವಾಗಲು ಬೆರೆಸಿದ ಥಿನ್ನರ್ ಜಾಸ್ತಿಯಾಯಿತು, ನನ್ನದೇ ತಪ್ಪು ಎಂದುಬಿಟ್ಟ ಇವನು. ಅವರು ಹಾಗೆಯೇ ಮೇಜು ಹೊರಿಸಿಕೊಂಡು ಹೋದರು. ಒಂಬತ್ತು ದಿನ ನಾನೂ ಅದನ್ನೇ ನಂಬಿದ್ದೆ, ಪರವಾಗಿಲ್ಲ ಬಿಡು ಎಂದು ಇವನನ್ನು ಸಮಾಧಾನ ಬೇರೆ ಮಾಡುತ್ತಿದ್ದೆ. ನೆನೆದರೆ ನಾಚಿಕೆಯಾಗುತ್ತದೆ.

ಗುರುವಾರ ಸಂಜೆ, ನಿನ್ನ ಪತ್ರ ಓದಿ ಮುಗಿಸಿ, ಕಿಟಕಿಯ ಚಿಲಕಕ್ಕೆ ಅದೇ ಡಬ್ಬಿ ಎತ್ತಿದೆ. ಉಜ್ಜಣ್ಣ ಹಾವು ಕಂಡವರಂತೆ ಓಡಿ ಬಂದು ಕಿತ್ತುಕೊಂಡರು. ತಾಯೀ, ಒಂದು ಮೇಜು ಸಾಕಾಗಲಿಲ್ಲವಾ ಅಂದರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು. ಎಲ್ಲರಿಗೂ ಗೊತ್ತಿತ್ತು, ಅತ್ತೆಗೂ. ಹೇಳಬೇಡಿ ಎಂದು ಇವನು ಎಲ್ಲರಿಂದ ಮಾತು ತೆಗೆದುಕೊಂಡಿದ್ದನಂತೆ. ಯಾಕೆ ಹೀಗೆ ಮಾಡಿದೆ ಎಂದು ಇವನನ್ನು ಕೇಳಿದರೆ, ನಾನು ಹಾಳು ಮಾಡಿದರೆ ಒಂದು ಮೇಜು ಹಾಳಾಯಿತು ಅಂತಾರೆ, ನೀನು ಮಾಡಿದೆ ಅಂದರೆ ಜೀವನಪೂರ್ತಿ ಆಡಿಕೊಳ್ಳುತ್ತಾರೆ ಅಂದ. ಅದಕ್ಕೆ ನಾನು, ನಿನ್ನನ್ನು ಯಾರು ಕೇಳಿದರು, ನಾನೇನು ಹತ್ತಿಯಲ್ಲಿ ಸುತ್ತಿಡುವ ಗಾಜಿನ ಲೋಟವಾ ಎಂದು ಜಗಳ ಮಾಡಿದೆ. ಇಡೀ ದಿನ ಮಾತು ಬಿಡಬೇಕೆಂದಿದ್ದೆ. ರಾತ್ರಿ ಊಟದ ತನಕವೂ ಆಗಲಿಲ್ಲ.

ಆದರೆ ಸುಮ್ಮನೆ ಕೂರಲಿಲ್ಲ. ಶುಕ್ರವಾರ ಒಬ್ಬಳೇ ಕಾರ್ಯದರ್ಶಿಗಳ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಬರೆದುಕೊಡಿ ಅಂದರು, ಅಲ್ಲೇ ನಿಂತು ಬರೆದು ಸಹಿ ಹಾಕಿಕೊಟ್ಟೆ. ಮೇಜು ಸರಿಮಾಡಲು ಒಪ್ಪಿದ್ದಾರೆ. ಉಳಿದ ಐದರ ಮಾತು ಇದು ಮುಗಿದ ಮೇಲೆ ಅಂದಿದ್ದಾರೆ.

ಈ ಪತ್ರವನ್ನು ನಾಳೆ ಉಜ್ಜಣ್ಣ ನಿನ್ನ ಕೈಗೇ ತಂದುಕೊಡುತ್ತಾರೆ. ಸೋಮವಾರ ಒಂಬತ್ತಕ್ಕೆ ಬರುತ್ತೇವೆ. ನಿನ್ನ ಮನೆಗಲ್ಲ, ಲೈಬ್ರರಿಗೆ. ನಿಮ್ಮ ವಾಚನಾಲಯದ ನಟ್ಟನಡುವೆ, ನಿನ್ನ ಕುರ್ಚಿಯ ಎದುರಿಗೇ, ಇವನ ಹಳೆಯ ಅಂಗಿ ತೊಟ್ಟು ನಾನೇ ಆ ಮೇಜನ್ನು ಥಿನ್ನರಿನಿಂದ ತೊಳೆದು, ಉಜ್ಜಿ, ಅರಗಿನ ತೆಳು ಪದರ ಕೊಡುತ್ತೇನೆ. ಅರಗಿನ ಕೆಳಗೆ ಆ ಎಣ್ಣೆ ಅಡಗುತ್ತದೆ, ಇವನು ಹೇಳಿಕೊಟ್ಟಿದ್ದಾನೆ. ಓದಲು ಬಂದವರು ಯಾರು ಇವಳು ಎಂದು ಕೇಳಿದರೆ ಮಗಳು ಅನ್ನು, ಪಾಲಿಶ್ ಕೆಲಸದವಳು ಅನ್ನು, ನಿನ್ನ ಇಷ್ಟ. ಎರಡೂ ನಿಜ. ಶಾಲೆಯ ಹೆಡ್‌ಮಿಸ್‌ಗೆ ಅವಳು ಕೆಲಸಕ್ಕೆ ಬರುವುದಿಲ್ಲವಂತೆ ಎಂದು ತಿಳಿಸಿಬಿಡು. ನನ್ನ ಕೋಣೆಗೆ ಬಣ್ಣ ಹೊಡೆಸಿದ್ದೀಯಂತೆ, ಅಲ್ಲಿ ನಿನ್ನ ಪುಸ್ತಕಗಳನ್ನು ಇಟ್ಟುಕೋ. ನಾನು ನೆಂಟಳಾಗಿ ಬರುತ್ತೇನೆ, ಗಂಡನ ಜೊತೆ ಬರುತ್ತೇನೆ, ಜೊತೆಯಲ್ಲೇ ವಾಪಸ್ ಹೋಗುತ್ತೇನೆ.

ನಿನ್ನ ಮೇಲೆ ಜೀವವನ್ನೇ ಇಟ್ಟಿರುವ, ನಿನ್ನ ಮಾತು ಕೇಳದ,
ಗಿಣಿ

ಇನ್ನೊಂದು: ಡಬ್ಬಿ ಎಲ್ಲಿಂದ ಬಂತು ಎಂದು ಕಾರ್ಯದರ್ಶಿಗಳು ಕೇಳಿದರು. ನನ್ನದು ಎಂದೆ. ಇವನಿಗೂ ಅಷ್ಟೇ ಹೇಳಿದ್ದೇನೆ. ಮದುವೆಯ ಮರುದಿನ ಅದನ್ನು ನನ್ನ ಪೆಟ್ಟಿಗೆಯಲ್ಲಿ ಬಟ್ಟೆಗಳ ಕೆಳಗಿಟ್ಟು, ಅವರಿಗೆ ಇದೆಲ್ಲ ಎಲ್ಲಿ ಗೊತ್ತು, ನಾಲ್ಕು ಕಡೆ ಹೊಡೆದು ತೋರಿಸು, ಓದಿದವರ ಮನೆಯ ಹುಡುಗಿ ಅಂತ ತಿಳಿಯಲಿ ಎಂದು ನೀನು ಹೇಳಿದ್ದನ್ನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಸೋಮವಾರ ಕುರ್ಚಿಯಿಂದ ಎದ್ದು ಬಂದು ಅಳಿಯನನ್ನು ಒಂದು ಸಲ ಮಾತಾಡಿಸು.